ಸೈಕಲ್ಲಿಂದ ಇಳಿಯೋದು ಅಂದ್ರೆ



ಒಳಮೀಸಲಾತಿ, ಬಡ್ತಿ, ಭೂಮಿ ಅಂತ ಇಷ್ಟೆಲ್ಲ ಬರೆಯೋದಿರುವಾಗ ಇವನ್ಯಾಕೆ ಸೈಕಲ್ಲು, ಫುಟ್‌ಪಾತು ಹಿಡ್ಕೊಂಡು ಕೂತ ಅಂತ ಕೆಲವರಾದರೂ ಕೇಳ್ತೀರಿ. ಆದರೆ ದಾರಿ ಅನ್ನೋದು ನಮ್ಮ ಹೋರಾಟದ ಹೊರಗಿನ ವಿಷಯ ಯಾವತ್ತೂ ಆಗಿರಲಿಲ್ಲ. 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ಶುರುವಾಗಿದ್ದು ದೇವಸ್ಥಾನದ ಒಳಗೆ ಹೋಗೋಕಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ನಡೆದಾಡೋಕೆ. ಯಾರು ನಡೀಬೇಕು, ಯಾರು ಸರೀಬೇಕು ಅನ್ನೋದು ನಮ್ಮ ಜನಕ್ಕೆ ಪುಸ್ತಕದ ಪ್ರಶ್ನೆ ಅಲ್ಲ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಾನಿರೋದು ಜೆ.ಪಿ. ನಗರದ ಕಡೆ. ಆಫೀಸು ಜಯನಗರದಲ್ಲಿ. ಎರಡು ವಾರದಿಂದ ನಮ್ಮ ಏರಿಯಾದ ವಾಟ್ಸಾಪ್ ಗ್ರೂಪಲ್ಲಿ ಒಂದೇ ಜಗಳ. ಬೆಳಿಗ್ಗೆ ವಾಕಿಂಗ್ ಮಾಡೋ ದಾರಿಯಲ್ಲಿ ಸೈಕಲ್ ಬಿಡಬೇಕೋ ಬೇಡವೋ ಅಂತ. ಹಿರಿಯರೊಬ್ಬರಿಗೆ ಒಬ್ಬ ಹುಡುಗ ಸೈಕಲ್ ತಾಗಿಸಿದ, ಮೊಣಕೈ ತರಚಿತು. ಅಲ್ಲಿಂದ ಶುರು. ಒಂದು ಪಾರ್ಟಿ "ಸೈಕಲ್ ಪೂರ್ತಿ ಬ್ಯಾನ್ ಮಾಡಿ, ಗೇಟಲ್ಲಿ ಬೋರ್ಡ್ ಹಾಕಿ" ಅನ್ನುತ್ತೆ. ಇನ್ನೊಂದು ಪಾರ್ಟಿ "ನಾಲ್ಕು ನಾಲ್ಕು ಜನ ಸಾಲಾಗಿ ದಾರಿ ತುಂಬ ನಡೆದರೆ ನಾವು ಎಲ್ಲಿ ಹೋಗೋದು, ಅವರಿಗೂ ಜವಾಬ್ದಾರಿ ಇಲ್ವಾ" ಅನ್ನುತ್ತೆ. ಮುನ್ನೂರಕ್ಕೂ ಜಾಸ್ತಿ ಮೆಸೇಜು. ಅಷ್ಟನ್ನೂ ಓದಿದೆ. ಆ ದಾರಿಯನ್ನ ದಿನಾ ಬೆಳಿಗ್ಗೆ ಗುಡಿಸೋ ಹೆಣ್ಣುಮಕ್ಕಳ ಹೆಸರು ಒಂದೇ ಒಂದು ಮೆಸೇಜಲ್ಲಿ ಇಲ್ಲ. ಅವರು ನಡೆಯೋರೂ ಅಲ್ಲ, ಸೈಕಲ್ ಹೊಡೆಯೋರೂ ಅಲ್ಲ. ಆದರೆ ಆ ದಾರಿಯಲ್ಲಿ ಎಲ್ಲರಿಗಿಂತ ಜಾಸ್ತಿ ಹೊತ್ತು ಇರೋರು ಅವರೇ. ಅದೂ ಬಗ್ಗಿಕೊಂಡು, ಬೆನ್ನು ತಿರುಗಿಸಿಕೊಂಡು.

ನನ್ನ ದೊಡ್ಡಮ್ಮನ ಮಗಳು ಪೌರಕಾರ್ಮಿಕಳು. ವಯಸ್ಸು ಐವತ್ತು ದಾಟಿದೆ, ಎಡಗಿವಿ ಮಂದ. ಮೂರು ವರ್ಷದ ಹಿಂದೆ ಒಂದು ಮುಂಜಾನೆ ರಸ್ತೆ ಅಂಚಲ್ಲಿ ಹೊಂಗೆ ಎಲೆ ಗುಡ್ಡೆ ಮಾಡಿ, ಕುಕ್ಕರುಗಾಲಲ್ಲಿ ಕೂತು ಚೀಲಕ್ಕೆ ತುಂಬ್ತಾ ಇದ್ದಳು. ಹಿಂದಿನಿಂದ ಒಬ್ಬ ಹುಡುಗ ಗೇರ್ ಸೈಕಲ್ಲಲ್ಲಿ ಬಂದು ಗುದ್ದಿದ. ಬಲಗೈ ಮಣಿಕಟ್ಟಿನ ಮೂಳೆ ಮುರೀತು. ಹುಡುಗ ಕೆಟ್ಟವನಲ್ಲ, ಇದನ್ನ ಹೇಳಲೇಬೇಕು. ಓಡಿಹೋಗಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋದ, ಎಕ್ಸ್‌ರೇ ದುಡ್ಡು ಕೊಟ್ಟ, ಅವರಮ್ಮ ಬಂದು ಹಣ್ಣು ಕೊಟ್ಟು ಹೋದರು. ಆದರೆ ಬಿದ್ದ ಜಾಗದಲ್ಲಿ ಅವನು ಆಡಿದ ಮೊದಲ ಮಾತು ಅಕ್ಕನಿಗೆ ಇವತ್ತಿಗೂ ನೆನಪಿದೆ. "ಬೆಲ್ ಹೊಡೆದೆನಲ್ಲ ಆಂಟಿ, ಕೇಳಿಸಲಿಲ್ವಾ?"

ಆಗ ಅವಳಿನ್ನೂ ಕಾಯಂ ಆಗಿರಲಿಲ್ಲ. ಹಾಜರಿ ತಪ್ಪಿದರೆ ಸಂಬಳ ಹೋಗುತ್ತೆ ಅಂತ ಪ್ಲಾಸ್ಟರ್ ಕೈಯಲ್ಲೇ ನಾಲ್ಕನೇ ದಿನಕ್ಕೆ ಮಸ್ಟರಿಂಗಿಗೆ ಹೋದಳು. ಜೊತೆಯವರು ಅವಳ ಪಾಲಿನ ರಸ್ತೆ ಗುಡಿಸಿಕೊಟ್ಟರು. ಎಡಗೈಯಲ್ಲಿ ಪೊರಕೆ ಹಿಡಿದು ನಿಂತಿದ್ದಳಷ್ಟೆ. 2025ರ ಮೇ 1ಕ್ಕೆ ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತಲ್ಲ, ಅದರಲ್ಲಿ ಇವಳೂ ಒಬ್ಬಳು. ಈಗ ಕೈ ಮುರಿದರೆ ರಜೆ ಉಂಟು. ಕಸದ ಆಟೋದಲ್ಲಿ ಹೋಗೋ ಹೆಲ್ಪರ್‌ಗಳಿಗೆ ಆ ಭಾಗ್ಯವೂ ಇಲ್ಲ, ಅವರು ಕಂಟ್ರಾಕ್ಟರ್ ಕೈಕೆಳಗೇ ಇದ್ದಾರೆ. ಒಂದು ಸೈಕಲ್ ಗುದ್ದಿದರೆ ಒಬ್ಬರಿಗೆ ಮೊಣಕೈ ತರಚೋದು, ಇನ್ನೊಬ್ಬರಿಗೆ ತಿಂಗಳ ಅಕ್ಕಿ ಹೋಗೋದು. ಸೇಫ್ಟಿ ಅಂತ ಮಾತಾಡೋವಾಗ ಈ ಲೆಕ್ಕಾನೂ ಹಿಡೀಬೇಕು.

ಆ "ಬೆಲ್ ಹೊಡೆದೆನಲ್ಲ" ಅನ್ನೋ ಮಾತಿಗೆ ಬರ್ತೀನಿ. ನನ್ನ ತಕರಾರು ಇರೋದು ಆ ಹುಡುಗನ ಮೇಲಲ್ಲ, ಆ ಮಾತಿನ ಮೇಲೆ. ಬೆಲ್ ಹೊಡೆದ ಕೂಡಲೇ ನನ್ನ ಕೆಲಸ ಮುಗೀತು, ಇನ್ನು ಸರಿದುಕೊಳ್ಳೋದು ನಿನ್ನ ಕೆಲಸ ಅನ್ನೋ ಲೆಕ್ಕ ಅದರೊಳಗಿದೆ. ನಮ್ಮ ನಾಡಲ್ಲಿ ದಾರಿಯ ಮೇಲಿನ ಕೂಗಿಗೆ ದೊಡ್ಡ ಚರಿತ್ರೆ ಇದೆ. ಒಂದು ಕಾಲಕ್ಕೆ ಅಸ್ಪೃಶ್ಯರು ಬೀದಿಯಲ್ಲಿ ಬರೋವಾಗ "ಸಂಬೋಳಿ, ಸಂಬೋಳಿ" ಅಂತ ಕೂಗಿಕೊಂಡು ಬರಬೇಕಿತ್ತು. ಎದುರಿಗೆ ಬರೋರು ಮೈಲಿಗೆಯಾಗದ ಹಾಗೆ ಎಚ್ಚರವಾಗಲಿ ಅಂತ. ಸಂಬೋಳಿ ನಾಗಿದೇವ ಅನ್ನೋ ಶರಣರ ಹೆಸರಲ್ಲೇ ಆ ಕೂಗು ಅಂಟಿಕೊಂಡು ಉಳಿದಿದೆ, ಬಸವಣ್ಣ ಅವರ ಮನೆಗೆ ಹೋಗಿ ಉಂಡ ಕಥೆ ನಿಮಗೆಲ್ಲ ಗೊತ್ತು. ಸಂಬೋಳಿ ಕೂಗಿದೋರು ತಾವೇ ದಾರಿ ಬಿಟ್ಟು ನಿಲ್ಲಬೇಕಿತ್ತು. ಇವತ್ತು ಬೆಲ್ ಹೊಡೆದೋರು ಎದುರಿನವರನ್ನ ದಾರಿ ಬಿಡಿಸ್ತಾರೆ. ಕೂಗೋ ಬಾಯಿ ಬದಲಾಯ್ತು, ಸರಿಯೋ ಕಾಲು ಮಾತ್ರ ನಮ್ಮಕ್ಕನದೇ.

ಇಲ್ಲಿ ಯಾರೂ ತಪ್ಪು ತಿಳಿಯಬೇಡಿ. ಬೆಲ್ ಹೊಡೆಯೋದೇ ಜಾತಿವಾದ ಅಂತ ನಾನು ಹೇಳ್ತಿಲ್ಲ. ಅಷ್ಟು ಅಗ್ಗಕ್ಕೆ ಆ ಪದ ಬಳಸಬಾರದು. ನಾನು ಹೇಳ್ತಿರೋದು ಎಚ್ಚರಿಕೆಯ ಹೊಣೆ ಯಾವ ಕಡೆಯಿಂದ ಯಾವ ಕಡೆಗೆ ಹರೀಬೇಕು ಅನ್ನೋದನ್ನ.

ಸೈಕಲ್ ಅಂದ್ರೆ ನನಗೆ ದ್ವೇಷ ಇಲ್ಲ, ಬದಲಿಗೆ ಪ್ರೀತಿ. ನಮ್ಮಪ್ಪ ಊರಲ್ಲಿ ಕೂಲಿ ದುಡ್ಡು ಕೂಡಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಂಡಿದ್ದರು. ನಮ್ಮ ಕೇರಿಯಿಂದ ಟಾರು ರಸ್ತೆಗೆ ಹೋಗಬೇಕಾದರೆ ಊರೊಳಗಿನ ಒಂದು ಬೀದಿ ದಾಟಬೇಕು. ಆ ಬೀದಿ ಬಂದ ಕೂಡಲೇ ಅಪ್ಪ ಇಳೀತಿದ್ದರು. ಆ ತುದಿಯಿಂದ ಈ ತುದಿವರೆಗೆ ಸೈಕಲ್ ತಳ್ಳಿಕೊಂಡು ಹೋಗಿ, ಆಮೇಲೆ ಹತ್ತೋರು. ಜಗಲಿ ಮೇಲೆ ಯಾರೂ ಕೂತಿಲ್ಲದಿದ್ದರೂ ಅಷ್ಟೇ. ಹಿಂದೆ ಕ್ಯಾರಿಯರ್ ಮೇಲೆ ಕೂತಿದ್ದ ನಾನು "ಯಾಕಪ್ಪ ಇಳಿದೆ" ಅಂತ ಕೇಳಿದರೆ "ಚೈನು ಲೂಸಾಗಿದೆ ಮಗಾ" ಅನ್ನೋರು. ಆ ಚೈನು ಯಾವಾಗಲೂ ಅದೇ ಬೀದಿಯಲ್ಲೇ ಲೂಸಾಗೋದು.

ಇದು ನಮ್ಮೊಬ್ಬರ ಮನೆ ಕಥೆ ಆಗಿದ್ದಿದ್ದರೆ ಕಾನೂನಿನ ಪುಸ್ತಕಕ್ಕೆ ಬರ್ತಿರಲಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ 3(1)(ಝಡ್ಎ) ಕಲಂ ತೆಗೆದು ನೋಡಿ. ಪರಿಶಿಷ್ಟ ಜಾತಿ, ಪಂಗಡದವರು ಸಾರ್ವಜನಿಕ ಜಾಗದಲ್ಲಿ ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತೋದನ್ನ, ಚಪ್ಪಲಿ ಮೆಟ್ಟೋದನ್ನ, ಹೊಸ ಬಟ್ಟೆ ತೊಡೋದನ್ನ ತಡೆದರೆ ಅದು ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ರಸ್ತೆ, ಓಣಿ ಬಳಸದ ಹಾಗೆ ಅಡ್ಡಿ ಮಾಡೋದೂ ಅದೇ ಕಲಮಿನಲ್ಲಿದೆ. 21ನೇ ಶತಮಾನದ ಪಾರ್ಲಿಮೆಂಟು ಸೈಕಲ್ ಅನ್ನೋ ಪದವನ್ನ ದೌರ್ಜನ್ಯದ ಪಟ್ಟಿಯಲ್ಲಿ ಬರೀಬೇಕಾಗಿ ಬಂತು ಅಂದ್ರೆ ಎಷ್ಟು ಊರಲ್ಲಿ ಎಷ್ಟು ಚೈನು ಲೂಸಾಗಿರಬೇಕು!

ಈಗ ನನ್ನ ಕಷ್ಟ ನೋಡಿ. ಅಂಥಾ ಅಪ್ಪನ ಮಗ ನಾನು. ಇವತ್ತು ಕೀಬೋರ್ಡ್ ಮುಂದೆ ಕೂತು, ಜನ ದಟ್ಟವಾಗಿರೋ ದಾರಿಯಲ್ಲಿ ಸೈಕಲ್ ಇಳಿದು ತಳ್ಳಿಕೊಂಡು ಹೋಗಿ ಅಂತ ಬರೀತಿದ್ದೀನಿ. ಎರಡೂ ಇಳಿಯೋದೇ. ಆದರೆ ಅಪ್ಪ ಇಳೀತಿದ್ದಿದ್ದು ಎದುರಿಗೆ ಇರೋನು ದೊಡ್ಡೋನು ಅಂತ. ನಾನು ಇಳಿಯಿರಿ ಅಂತಿರೋದು ಎದುರಿಗೆ ಇರೋರು ಬರಿಗಾಲಲ್ಲಿ ಇದ್ದಾರೆ, ನಿಮ್ಮ ಕೈಲಿ ಕಬ್ಬಿಣ ಇದೆ ಅಂತ. ಯಾರ ಮುಂದೆ ಅನ್ನೋದನ್ನ ನೋಡಿ ಇಳಿದರೆ ಗುಲಾಮಗಿರಿ. ಯಾರಿದ್ದರೂ ಸರಿ, ಗುದ್ದಿದರೆ ಏಟು ಯಾರಿಗೆ ಬೀಳುತ್ತೆ ಅನ್ನೋದನ್ನ ನೋಡಿ ಇಳಿದರೆ ಅದು ಬೇರೆಯೇ ಮಾತು. ಆ ಬೀದಿಯ ಗೌಡರ ಮೊಮ್ಮಗ ಇವತ್ತು ಜಯನಗರದ ಫುಟ್‌ಪಾತಲ್ಲಿ ಊರುಗೋಲು ಹಿಡಿದು ನಡೀತಿದ್ದರೆ, ನನ್ನ ಮಗ ಸೈಕಲ್ ನಿಧಾನ ಮಾಡಬೇಕು. ನನ್ನ ಅಕ್ಕ ಕಸ ತುಂಬ್ತಿದ್ದರೆ ಅವರ ಮನೆ ಹುಡುಗನೂ ಮಾಡಬೇಕು.

ಲೆಕ್ಕ ಸರಳವಾಗಿದೆ. ಮನುಷ್ಯ ನಡೆಯೋದು ಗಂಟೆಗೆ ನಾಲ್ಕೈದು ಕಿಲೋಮೀಟರ್. ಸೈಕಲ್ 20ರಲ್ಲಿ ಹೋಗ್ತಿದೆ ಅಂದ್ರೆ ಸೆಕೆಂಡಿಗೆ ಐದೂವರೆ ಮೀಟರ್. ಮಗು ಅಡ್ಡ ಬಂತು ಅಂತ ಕಣ್ಣಿಗೆ ಕಂಡು, ತಲೆಗೆ ಹೋಗಿ, ಬೆರಳು ಬ್ರೇಕ್ ಒತ್ತೋಕೆ ಒಂದು ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಬ್ರೇಕ್ ಹಿಡಿಯೋ ಮೊದಲೇ ಒಂದು ಟಾಟಾ ಏಸ್‌ಗಿಂತ ಉದ್ದ ದೂರ ಮುಗಿದಿರುತ್ತೆ. ಅದೇ 8ರಲ್ಲಿ ಹೋಗ್ತಿದ್ದರೆ ಎರಡು ಮೀಟರ್ ಚಿಲ್ಲರೆ. ವೇಗ ಎರಡು ಪಟ್ಟಾದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟಾಗುತ್ತೆ, ಇದು ಹೈಸ್ಕೂಲ್ ವಿಜ್ಞಾನ. ನಡೆಯೋನು ಎಷ್ಟೇ ಅಜಾಗರೂಕನಾಗಿರಲಿ, ಸೈಕಲ್ಲಿಗೆ ಅಡ್ಡ ಬರಬಹುದೇ ಹೊರತು ಅಷ್ಟು ಬಲದಲ್ಲಿ ಹೋಗಿ ಗುದ್ದೋಕೆ ಅವನ ಕೈಲಾಗಲ್ಲ. ಹಂಗಾಗಿ ಜವಾಬ್ದಾರಿ ಇಬ್ಬರದೂ ಹೌದು, ಸಮ ಸಮ ಅಲ್ಲ.

ಇದು ನನ್ನ ಸ್ವಂತ ಥಿಯರಿ ಏನಲ್ಲ. ಬ್ರಿಟನ್‌ನಲ್ಲಿ 2022ರ ಜನವರಿ 29ರಿಂದ ಹೈವೇ ಕೋಡ್ ಬದಲಾಯ್ತು. ಯಾರಿಂದ ಹೆಚ್ಚು ಅಪಾಯ ಆಗಬಹುದೋ ಅವರ ಮೇಲೆ ಹೆಚ್ಚು ಹೊಣೆ ಅಂತ ಮೊದಲ ನಿಯಮದಲ್ಲೇ ಬರೆದರು. ಲಾರಿ ಕಾರನ್ನ ನೋಡ್ಕೋಬೇಕು, ಕಾರು ಸೈಕಲ್ಲನ್ನ, ಸೈಕಲ್ಲು ನಡೆಯೋರನ್ನ. ಇಬ್ಬರೂ ಹಂಚಿಕೊಳ್ಳೋ ದಾರಿಯಲ್ಲಿ ನಡೆಯೋರಿಗೆ ಕಿವಿ ಕೇಳದೇ ಇರಬಹುದು, ಕಣ್ಣು ಕಾಣದೇ ಇರಬಹುದು ಅನ್ನೋದನ್ನ ನೆನಪಿಟ್ಟು ಸೈಕಲ್ ಹೊಡೀರಿ ಅಂತಾನೂ ಅದರಲ್ಲಿದೆ. ನಮ್ಮಕ್ಕನ ಎಡಗಿವಿ ಲಂಡನ್ನಿನವರಿಗೆ ಹೊಳೀತು ನೋಡಿ. ಜಪಾನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ 13 ವರ್ಷದೊಳಗಿನ ಮಕ್ಕಳು, 70 ದಾಟಿದ ಹಿರಿಯರು ಫುಟ್‌ಪಾತಲ್ಲಿ ಸೈಕಲ್ ಹೊಡೀಬಹುದು, ಆದರೆ ನಿಧಾನವಾಗಿ. ನಡೆಯೋರಿಗೆ ಅಡ್ಡಿಯಾಗೋ ಹಾಗಿದ್ದರೆ ನಿಲ್ಲಿಸಬೇಕು. ಜನರನ್ನ ಸರಿಸೋಕೆ ಅಂತ ಫುಟ್‌ಪಾತಲ್ಲಿ ಬೆಲ್ ಹೊಡೆದರೆ ಅದೇ ಕಾನೂನಿಗೆ ವಿರುದ್ಧ. ಬೆಲ್ ಇರೋದು ಅಪಾಯ ತಪ್ಪಿಸೋಕೆ, ದಾರಿ ಬಿಡಿಸಿಕೊಳ್ಳೋಕಲ್ಲ.

ಆದರೆ ಬೆಂಗಳೂರಲ್ಲಿ ಸೈಕಲ್ ಹೊಡೆಯೋರು ಅಂದ್ರೆ ಹೆಲ್ಮೆಟ್ಟು, ಮೈಗಂಟಿದ ಬಟ್ಟೆ ಹಾಕಿ ಭಾನುವಾರ ನೈಸ್ ರಸ್ತೆ ಕಡೆ ಹೋಗೋರು ಅಂತ ಮಾತ್ರ ಅಂದುಕೊಂಡರೆ ಈ ಜಗಳ ಅರ್ಥವೇ ಆಗಲ್ಲ. ಬಿ.ಟಿ.ಎಂ. ಲೇಔಟಲ್ಲಿ ರಾತ್ರಿ ಪಾಳಿ ಮುಗಿಸಿ ಹಳೇ ಸೈಕಲ್ಲಲ್ಲಿ ರೂಮಿಗೆ ಹೋಗೋ ಸೆಕ್ಯೂರಿಟಿಯವನು ಇದಾನೆ. ಹ್ಯಾಂಡಲ್ಲಿಗೆ ಫ್ಲಾಸ್ಕ್ ಕಟ್ಟಿಕೊಂಡು ಆಫೀಸ್ ಆಫೀಸಿಗೆ ಟೀ ಕೊಡೋನು ಇದಾನೆ. ಬನಶಂಕರಿ ಕಡೆಯಿಂದ ಸೊಪ್ಪು ತುಂಬಿಕೊಂಡು ಬರೋನು ಇದಾನೆ. ಬಾಡಿಗೆ ಎಲೆಕ್ಟ್ರಿಕ್ ಗಾಡಿಯಲ್ಲಿ ಡೆಲಿವರಿ ಮಾಡೋ ಹುಡುಗರಿದ್ದಾರೆ. 250 ವ್ಯಾಟ್ ಒಳಗೆ, 25 ಕಿಲೋಮೀಟರ್ ಮೀರದ ಗಾಡಿಗೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಹಾಗಾಗಿ ಹಳ್ಳಿಯಿಂದ ಬಂದ ಹುಡುಗನಿಗೆ ಮೊದಲು ಸಿಗೋ ಕೆಲಸ ಇದು. ರಸ್ತೆಗೆ ಇಳಿದರೆ ಬಸ್ಸು, ಟಿಪ್ಪರ್ ನುಂಗುತ್ತೆ ಅಂತ ಫುಟ್‌ಪಾತ್ ಹತ್ತುತ್ತಾನೆ. ಹತ್ತು ನಿಮಿಷದಲ್ಲಿ ಮೊಟ್ಟೆ ಬೇಕು ಅಂತ ಆರ್ಡರ್ ಮಾಡಿ, ವಾಕಿಂಗ್ ಹೋದಾಗ ಅದೇ ಹುಡುಗನಿಗೆ ಬೈಯೋರು ನಮ್ಮ ಗ್ರೂಪಲ್ಲೇ ಇದ್ದಾರೆ. ಗಿಗ್ ಕಾರ್ಮಿಕರಿಗೆ ಅಂತ ನಮ್ಮ ರಾಜ್ಯ 2025ರಲ್ಲಿ ಕಾಯ್ದೆ ತಂತು, ಕ್ಷೇಮನಿಧಿ ಬಂತು, ಸಂತೋಷ. ಆದರೆ ಗಡಿಯಾರ ಅವನ ಬೆನ್ನ ಮೇಲೆ ಕೂತಿರೋವರೆಗೂ ಅವನಿಗೆ ನಿಧಾನ ಹೋಗು ಅಂತ ಹೇಳೋದು ಅರ್ಧ ಮಾತು. ಅದರರ್ಥ ಅವನು 25ರಲ್ಲಿ ಫುಟ್‌ಪಾತ್ ಮೇಲೆ ಹೋಗಬಹುದು ಅಂತಲ್ಲ. ಬಡವ ಗುದ್ದಿದರೂ ಮೂಳೆ ಮುರಿಯುತ್ತೆ.

ಬೈಯೋದರಲ್ಲೂ ಒಂದು ವ್ಯತ್ಯಾಸ ಗಮನಿಸಿದ್ದೀನಿ. ಲಕ್ಷ ರೂಪಾಯಿ ಸೈಕಲ್ಲವನು ಸರ್ರನೆ ಹೋದರೆ "ಸಾರ್, ಸ್ವಲ್ಪ ಸ್ಲೋ ಸಾರ್" ಅಂತಾರೆ. ಬೆನ್ನಿಗೆ ಡಬ್ಬ ಕಟ್ಟಿಕೊಂಡವನು ಹೋದರೆ "ಏಯ್ ಲೋಫರ್, ಕಣ್ಣು ಕಾಣಲ್ವೇನೋ". ತಪ್ಪು ಒಂದೇ, ಬಹುವಚನ ಒಬ್ಬನಿಗೆ ಮಾತ್ರ. ಬೋರ್ಡ್ ಹಾಕಿ ಬ್ಯಾನ್ ಮಾಡಿದರೂ ಹಂಗೇ ಆಗೋದು. ಗೇಟಲ್ಲಿ ವಾಚ್‌ಮನ್ ಯಾರನ್ನ ತಡೀತಾನೆ, ಯಾರಿಗೆ ಸೆಲ್ಯೂಟ್ ಹೊಡೆದು ಬಿಡ್ತಾನೆ ಅನ್ನೋದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಡೆಯೋರ ಪಾಲು ಏನೂ ಇಲ್ವಾ? ಇದೆ. ಬಹಳ ಇಲ್ಲ, ಆದರೆ ಇದೆ. ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡು, ಮೊಬೈಲ್ ನೋಡ್ತಾ ಸೊಟ್ಟಗೆ ಸೊಟ್ಟಗೆ ನಡೆಯೋರನ್ನ ಸೈಕಲ್ಲವನು ಹೆಂಗೆ ದಾಟಬೇಕು? ಕಿವಿ ಮಂದ ಇರೋರ ವಿಷಯ ಬೇರೆ, ಕೇಳೋ ಕಿವಿಯನ್ನ ತಾವೇ ಮುಚ್ಚಿಕೊಂಡವರ ವಿಷಯ ಬೇರೆ. ನಾಯಿಯನ್ನ ಆ ಕಡೆ ಬಿಟ್ಟು, ತಾವು ಈ ಕಡೆ ನಿಂತು, ಮಧ್ಯೆ ಹಗ್ಗ ಎಳೆದುಕೊಂಡು ಹರಟೆ ಹೊಡೆಯೋರನ್ನ ಜಯನಗರದ ಪಾರ್ಕುಗಳ ಸುತ್ತ ದಿನಾ ನೋಡ್ತೀನಿ. ಮುಂಜಾನೆ ಕತ್ತಲಲ್ಲಿ ಆ ಹಗ್ಗ ಕಾಣಲ್ಲ, ಸೈಕಲ್ಲವನ ಹಲ್ಲು ಹೋಗುತ್ತೆ. ಸೈಕಲ್ಲಿಗೆ ಅಂತಲೇ ಬಿಟ್ಟ ದಾರಿ ಇದ್ದರೆ ಅದರಲ್ಲಿ ವಾಕಿಂಗ್ ಮಾಡಬಾರದು, ದಾಟೋವಾಗ ಎರಡೂ ಕಡೆ ನೋಡಬೇಕು. ಮಕ್ಕಳನ್ನ ಒಳಗಡೆ ಹಾಕಿಕೊಂಡು ಕೈ ಹಿಡೀಬೇಕು. ಹಿಂದಿನಿಂದ ಯಾರಾದರೂ "ಅಣ್ಣ, ಬಲಗಡೆಯಿಂದ ಬರ್ತೀನಿ" ಅಂತ ಮೆಲ್ಲಗೆ ಹೇಳಿದರೆ ಇದು ನಿಮ್ಮಪ್ಪನ ದಾರಿನಾ ಅಂತ ತಿರುಗಿ ಬೀಳಬಾರದು. ಸೈಕಲ್ಲವರು ಬೆಲ್ಲಿನ ಜೊತೆ ಬಾಯಿಯನ್ನೂ ಬಳಸಿದರೆ ಅರ್ಧ ಜಗಳ ಇರಲ್ಲ. ಬಾಯಿ ಬಳಸೋವಾಗ ಅಣ್ಣ, ಅಕ್ಕ, ತಾತ ಅಂತ ಬಂದೇ ಬರುತ್ತೆ. ಬೆಲ್ಲಿಗೆ ಆ ಪದ ಗೊತ್ತಿಲ್ಲ. ಹೇಳಿದ ಮೇಲೂ ಅವರು ಕೇಳಿಸಿಕೊಂಡಿದ್ದು ಕಾಣದಿದ್ದರೆ ನಿಲ್ಲಿಸಬೇಕು. ನಿಂತ ಸೈಕಲ್ ಯಾರಿಗೂ ಗುದ್ದಿದ್ದು ನಾನು ನೋಡಿಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ಸಿಟ್ಟು ಉಳಿಯುತ್ತೆ. ಎರಡು ಕೋಣ ಕಾದಾಡಿದರೆ ಗಿಡಕ್ಕೆ ಕೇಡು ಅಂತ ಗಾದೆ. ಇಲ್ಲಿ ಗಿಡ ಗಿಡಗಳೇ ಕಾದಾಡ್ತಿವೆ, ಕೋಣ ಪಾರ್ಕಿಂಗ್ ಮಾಡ್ಕೊಂಡು ಮಲಗಿದೆ. 2012ರಲ್ಲಿ ಜಯನಗರದಲ್ಲಿ ಸೈಕಲ್ ಪಥ ಮಾಡಿದರಲ್ಲ, ಒಟ್ಟು 45 ಕಿಲೋಮೀಟರ್ ಜಾಲ, ಬೆಂಗಳೂರಿನಲ್ಲಿ ಮೊದಲನೇದು ಅಂತ ಪೇಪರಲ್ಲೆಲ್ಲ ಬಂತು. ನಾನಾಗ ಆಫೀಸಿಗೆ ಸೈಕಲ್ಲಲ್ಲೇ ಹೋಗ್ತಿದ್ದೆ, ಖುಷಿಯಾಗಿತ್ತು. ಆ ಪಥದ ಮೇಲೆ ಸೈಕಲ್ಲಿಗಿಂತ ಮೊದಲು ಕಾರುಗಳು ಬಂದು ನಿಂತವು. ಮನೆ ಮುಂದೆ ಜಾಗ ಇದೆ, ಗೇಟಿನೊಳಗೂ ಜಾಗ ಇದೆ, ಆದರೂ ಕಾರು ನಿಂತಿದ್ದು ಸೈಕಲ್ ಚಿತ್ರದ ಮೇಲೆ. ಬಣ್ಣ ಮಾಸಿತು, ಮೇಲೆ ಡಾಂಬರು ಬಿತ್ತು, ಇವತ್ತು ಹುಡುಗರಿಗೆ ಅದು ಇತ್ತು ಅಂತಾನೇ ಗೊತ್ತಿಲ್ಲ. 2020ರಲ್ಲಿ ಕೊರೊನಾ ಹೊತ್ತಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಇನ್ನೊಂದು ಪಥ ಮಾಡಿದರು. ಮೆಟ್ರೋ ಕೆಲಸ ಬಂತು, ಕಂಬಗಳು ಹೋದವು.

ಫುಟ್‌ಪಾತಿನ ಕಥೆಯೂ ಅಷ್ಟೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಪ್ರಕಾರ ನಡೆಯೋಕೆ ಕನಿಷ್ಠ 1.8 ಮೀಟರ್ ಅಡೆತಡೆ ಇಲ್ಲದ ಅಗಲ ಇರಬೇಕು, ಅಂದ್ರೆ ಆರಡಿ. ನಮ್ಮ ಕಡೆ ಆ ಆರಡಿಯಲ್ಲಿ ಟ್ರಾನ್ಸ್‌ಫಾರ್ಮರ್, ಕೇಬಲ್ ಸುರುಳಿ, ಎದ್ದ ಚಪ್ಪಡಿ, ಮನೆಯವರ ಸ್ಲೋಪು, ಅವರದೇ ಹೂಕುಂಡ. ಉಳಿದ ಎರಡಡಿಯಲ್ಲಿ ಸಿಗ್ನಲ್ ತಪ್ಪಿಸಿಕೊಂಡು ಬರೋ ಬೈಕುಗಳು. ಬೈಕ್ ಫುಟ್‌ಪಾತ್ ಹತ್ತಿದರೆ ಎಲ್ಲರೂ ಸುಮ್ಮನೆ ಸರೀತೀವಿ, ಹಾರನ್ನಿಗೆ ಹೆದರ್ತೀವಿ. ಸೈಕಲ್ಲವನ ಮೇಲೆ ಮಾತ್ರ ನಮ್ಮ ಶೌರ್ಯ. ಅವನ ಶೌರ್ಯ ನಡೆಯೋರ ಮೇಲೆ. ಈ ಏಣಿ ನೀವು ಎಲ್ಲೋ ನೋಡಿದ್ದೀರಲ್ವಾ? ಮೆಟ್ಟಿಲು ಮೆಟ್ಟಿಲಾಗಿ ಕೆಳಗಿನವನ ತಲೆ ಮೇಲೆ ಕಾಲಿಡೋ ಅಸಮಾನತೆ ಅಂತ ಬಾಬಾಸಾಹೇಬರು ಜಾತಿ ಬಗ್ಗೆ ವಿವರಿಸಿದ್ದರು. ಟ್ರಾಫಿಕ್ಕಲ್ಲಿ ಅದಕ್ಕೆ ಟಯರ್ ಸೈಜು ಸಾಕು.

ಕೋರ್ಟುಗಳು ಹೇಳಬೇಕಾದ್ದನ್ನ ಹೇಳಿವೆ. ರಸ್ತೆ, ಫುಟ್‌ಪಾತು ಸುಸ್ಥಿತಿಯಲ್ಲಿ ಇರೋದು ಸಂವಿಧಾನದ 21ನೇ ವಿಧಿಯ ಹಕ್ಕು ಅಂತ ನಮ್ಮ ಹೈಕೋರ್ಟ್ 2019ರಲ್ಲೇ ಹೇಳಿತು. 2025ರ ಮೇನಲ್ಲಿ ಸುಪ್ರೀಂ ಕೋರ್ಟೂ ಫುಟ್‌ಪಾತ್ ಬಳಸೋ ಹಕ್ಕು 21ನೇ ವಿಧಿಯೊಳಗೆ ಬರುತ್ತೆ ಅಂತು. ಆಮೇಲೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಮೋಟಾರು ವಾಹನ ಕಾಯ್ದೆಯ 138(1ಎ) ಕಲಮಿನ ಕೆಳಗೆ ಆರು ತಿಂಗಳೊಳಗೆ ನಿಯಮ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು. ಸಂಗಾತಿಗಳೇ, ಇಲ್ಲಿ ಸ್ವಲ್ಪ ಎಚ್ಚರವಾಗಿರಿ. 2019ರ ತಿದ್ದುಪಡಿಯಲ್ಲಿ ಬಂದ ಈ ಕಲಂ ಇರೋದು ಇಂಜಿನ್ ಇಲ್ಲದ ವಾಹನಗಳ ಮತ್ತು ಪಾದಚಾರಿಗಳ ಚಟುವಟಿಕೆ, ಪ್ರವೇಶ ಇವನ್ನ "ನಿಯಂತ್ರಿಸೋಕೆ". ಕಾರನ್ನಲ್ಲ. ಸೈಕಲ್ಲು, ತಳ್ಳುಗಾಡಿ, ಕಾಲು ಇವನ್ನ. ಸುರಕ್ಷತೆ ಹೆಸರಲ್ಲಿ ನಿಯಂತ್ರಣ ಅಂದ್ರೆ ನಮ್ಮ ಕಡೆ ಏನಾಗುತ್ತೆ ಗೊತ್ತಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಜನ ಸಾಯ್ತಿದ್ದಾರೆ ಅಂತ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಇಂಜಿನ್ ಇಲ್ಲದ ವಾಹನ ಎಲ್ಲವನ್ನೂ ಮುಖ್ಯ ರಸ್ತೆಯಿಂದ ಹೊರಗೆ ಹಾಕಿದರು. ಅಲ್ಲಿ ನಿಧಾನ ಹೋಗೋನು ಹೊರಗೆ ಹೋದ, ವೇಗದವನು ಉಳಿದ. ಆ ರಸ್ತೆಗೆ ಅದು ಸರಿಯೋ ತಪ್ಪೋ ಇನ್ನೊಂದು ದಿನ ಚರ್ಚೆ ಮಾಡೋಣ. ಆದರೆ ಅದೇ ಬುದ್ಧಿ ಜಯನಗರ 4ನೇ ಬ್ಲಾಕಿನ ಫುಟ್‌ಪಾತಿಗೆ ಬಂದರೆ, ಮೊದಲು ಎದ್ದು ಹೋಗೋದು ಹೂವು ಮಾರೋ ಅಮ್ಮ, ಟೀ ಸೈಕಲ್ಲು, ತಳ್ಳುಗಾಡಿ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ ಅಂತ ಅಲ್ಲಿ ನಿಂತು ಕೂಗೋಕೂ ನಾವೇ ಹೋಗಬೇಕು. ಪಾದಚಾರಿಗಳ ಹಕ್ಕು ಅಂತ ಹೇಳಿ ಪಾದಚಾರಿಗಳನ್ನೇ ಎಬ್ಬಿಸೋದು ಈ ಊರಿಗೆ ಹೊಸದಲ್ಲ.

ಹಂಗಾಗಿ ನಾವು ಏಳೆಂಟು ಜನ ಸೇರಿ ಒಂದು ಅರ್ಜಿ ಬರೆದಿದ್ದೀವಿ. ಅದರಲ್ಲಿ ಬ್ಯಾನ್ ಅನ್ನೋ ಪದ ಇಲ್ಲ. ವಾಕಿಂಗ್ ದಾರಿಯಲ್ಲಿ ಬೆಳಿಗ್ಗೆ ಗುಡಿಸೋ ಕೆಲಸ ಮುಗಿಯೋವರೆಗೆ ದೊಡ್ಡವರ ಸೈಕಲ್ ತಳ್ಳಿಕೊಂಡು ಹೋಗಬೇಕು, ಚಿಕ್ಕ ಮಕ್ಕಳದು ಹೋಗಲಿ. ಆಮೇಲೆ ಜಾಗ ಅಗಲ ಇರೋ ಕಡೆ ಮಾತ್ರ ನಡಿಗೆಯ ವೇಗದಲ್ಲಿ ಬಿಡಬೇಕು. ಕಿರಿದಾದ ಕಡೆ ಇಳೀಬೇಕು, ಅದು ಲಕ್ಷದ ಸೈಕಲ್ಲಾದರೂ ಡೆಲಿವರಿ ಗಾಡಿಯಾದರೂ. ಕುರುಡರ ಕೋಲಿಗೆ ಅಂತ ಹಾಕಿರೋ ಹಳದಿ ಗುಳ್ಳೆ ಟೈಲ್ಸ್ ಮೇಲೆ ಯಾವ ಚಕ್ರವೂ ನಿಲ್ಲಬಾರದು. ಪೌರಕಾರ್ಮಿಕರಿಗೆ ಕೊಡೋ ಹೊಳೆಯೋ ಜಾಕೆಟ್ಟು ನಿಜವಾಗಿ ಹೊಳೀಬೇಕು, ಆರು ತಿಂಗಳಿಗೆ ಬೂದಿ ಬಣ್ಣ ಆಗೋದಲ್ಲ. ಹಳೇ ಸೈಕಲ್ ಪಥದ ಮೇಲೆ ನಿಲ್ಲೋ ಕಾರುಗಳನ್ನ ತೆಗೆಸಿ, ಆ ಜಾಗವನ್ನ ಸೈಕಲ್ಲಿಗೆ ವಾಪಸ್ ಕೊಡಬೇಕು. ಆಗ ಸೈಕಲ್ಲವನು ಫುಟ್‌ಪಾತ್ ಹತ್ತೋ ಪ್ರಸಂಗವೇ ಕಮ್ಮಿಯಾಗುತ್ತೆ. 138(1ಎ) ನಿಯಮಗಳ ಬಗ್ಗೆ ಸಭೆ ಕರೆದರೆ ಅಪಾರ್ಟ್‌ಮೆಂಟ್ ಸಂಘದವರ ಜೊತೆ ಪೌರಕಾರ್ಮಿಕರನ್ನೂ, ಡೆಲಿವರಿ ಹುಡುಗರನ್ನೂ, ಬೀದಿ ವ್ಯಾಪಾರಿಗಳನ್ನೂ ಕೂರಿಸಬೇಕು. ಕೂರಿಸಬೇಕು ಅಂದ್ರೆ ಕುರ್ಚಿ ಮೇಲೆ. ಹಿಂದೆ ಗೋಡೆಗೆ ಒರಗಿಸಿ ನಿಲ್ಲಿಸೋದಲ್ಲ.

ಅರ್ಜಿಯನ್ನ ಅಕ್ಕನಿಗೆ ಓದಿ ಹೇಳಿದೆ. ಬಲಗಿವಿ ಹತ್ತಿರ ಕೂತು, ಜೋರಾಗಿ. ಪೂರ್ತಿ ಕೇಳಿ, "ಎಲ್ಲಾ ಸರಿ ಕಣಪ್ಪ, ಒಂದು ಬಿಟ್ಟಿದ್ದೀಯ" ಅಂದಳು. "ಹಿಂದಿನಿಂದ ಬರೋರು ದಾಟಿದ ಮೇಲೆ ತಿರುಗಿ ನೋಡಬೇಕು ಅಂತ ಬರಿ. ನಾವು ಬಿದ್ವೋ ಇಲ್ವೋ ಅಂತ."

ಬರೆದಿದ್ದೀನಿ, ಎಂಟನೇ ಅಂಶ. ಸಹಿ ಹಾಕೋರು ಶನಿವಾರದೊಳಗೆ ನನಗೆ ಮೆಸೇಜ್ ಮಾಡಿ. ಹೆಬ್ಬೆಟ್ಟಾದರೂ ಸರಿ, ಇಂಕ್ ಪ್ಯಾಡ್ ನಾನೇ ತರ್ತೀನಿ.